ದಿನಾಂಕ ಕಾಯುವ ಕೆಲಸ: ಮಂಡ್ಯ, ಮೈಸೂರಿನಲ್ಲಿ ಪ್ಯಾರಾಲೀಗಲ್ ಆಗಿ ಕಾನೂನು ವೃತ್ತಿ ಕಟ್ಟಿಕೊಳ್ಳುವ ಬಗೆ

ಮದ್ದೂರಿನಿಂದ ಒಬ್ಬ ತಾಯಿ ಕಳೆದ ತಿಂಗಳು ಫೋನ್ ಮಾಡಿದ್ದರು. ಮಗಳು ಬಿ.ಕಾಂ. ಮುಗಿಸಿದ್ದಾಳೆ, ಕೋರ್ಟು ಕಚೇರಿಯ ಕೆಲಸ ಕಲಿಯುವ ಆಸೆ ಅವಳಿಗೆ. ಪ್ಯಾರಾಲೀಗಲ್ ಎಂದರೆ ವಕೀಲರಾಗದೆಯೇ ಕಾನೂನಿನ ಕಾಗದಪತ್ರದ ಕೆಲಸ ನೋಡಿಕೊಳ್ಳುವ ಸಹಾಯಕರು. "ಪ್ಯಾರಾಲೀಗಲ್ ಕೋರ್ಸ್ ಎಂದು ಅರವತ್ತು ಸಾವಿರ ಕೇಳುತ್ತಿದ್ದಾರೆ, ಸೇರಿಸಲೇ ಅಕ್ಕ?" ಎಂದರು. ಬೇಡ, ಆ ಹಣ ಹಾಗೆಯೇ ಇರಲಿ, ಮುಂದೆ ಎಲ್ಎಲ್.ಬಿ. ಶುಲ್ಕಕ್ಕೆ ಬೇಕಾಗುತ್ತದೆ ಎಂದೆ. ಮಂಡ್ಯದ ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಕಡತ ಹೊಲಿಯುವುದರಿಂದ ಕೆಲಸ ಶುರುಮಾಡಿ, ಆಮೇಲೆ ಕಾನೂನು ಓದಿ, ಈಗ ಮೈಸೂರಿನಲ್ಲಿ ವಕಾಲತ್ತು ಮಾಡುತ್ತಿರುವವಳು ನಾನು. ಫೋನಿನಲ್ಲಿ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ತಿಳಿಯಬೇಕಾದದ್ದು: ಈ ಕೆಲಸ ಕಾನೂನಿನಲ್ಲಿ ಎಲ್ಲಿ ನಿಲ್ಲುತ್ತದೆ

ವಕೀಲರಾಗಲು 1961ರ ವಕೀಲರ ಅಧಿನಿಯಮ ಇದೆ, ಬಾರ್ ಕೌನ್ಸಿಲ್ ಇದೆ. ಪ್ಯಾರಾಲೀಗಲ್ ಆಗಲು ನಮ್ಮ ದೇಶದಲ್ಲಿ ಕಡ್ಡಾಯ ಕೋರ್ಸೂ ಇಲ್ಲ, ಪರವಾನಗಿಯೂ ಇಲ್ಲ. ಡಿಪ್ಲೊಮಾಗಳು ಸಿಗುತ್ತವೆ, ಅವುಗಳಿಂದ ಸ್ವಲ್ಪ ಕಲಿಯಲೂಬಹುದು. ಆದರೆ "ಈ ಸರ್ಟಿಫಿಕೇಟ್ ಇದ್ದರೆ ಮಾತ್ರ ಕೆಲಸ" ಎಂದು ಯಾರಾದರೂ ಹೇಳಿದರೆ ಅದು ನಿಜವಲ್ಲ.

ಹೆಸರು ಹೊಸದಾದರೂ ಕೆಲಸ ನಮ್ಮ ಕಡೆ ಹಳೆಯದು. ವಕೀಲರ ಗುಮಾಸ್ತರು ಮಾಡಿಕೊಂಡು ಬಂದಿರುವುದರಲ್ಲಿ ಬಹುಪಾಲು ಇದೇ. ಇಂದು ಇದಕ್ಕೆ ಮೂರು ಬಾಗಿಲುಗಳಿವೆ. ವಕೀಲರ ಕಚೇರಿಯ ಸಹಾಯಕರಾಗುವುದು ಒಂದು. ಉಚಿತ ಕಾನೂನು ನೆರವು ಕೊಡುವ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರೆ ಕಾನೂನು ಸ್ವಯಂಸೇವಕರಾಗುವುದು ಇನ್ನೊಂದು. ಬ್ಯಾಂಕು, ಸಹಕಾರ ಸಂಘ, ಕಾರ್ಖಾನೆಗಳ ಕಾನೂನು ವಿಭಾಗದಲ್ಲಿ ಕಾಗದಪತ್ರ ನೋಡಿಕೊಳ್ಳುವುದು ಮೂರನೆಯದು. ಮೂರರಲ್ಲೂ ಬೇಕಾಗುವ ಕೈಚಳಕ ಒಂದೇ: ಕಾಗದವನ್ನು ಓದುವುದು, ದಿನಾಂಕವನ್ನು ಕಾಯುವುದು.

ಗಡಿಯನ್ನೂ ಈಗಲೇ ಹೇಳಿಬಿಡುತ್ತೇನೆ. ನ್ಯಾಯಾಲಯದಲ್ಲಿ ಕಕ್ಷಿದಾರರ ಪರ ನಿಂತು ವಾದಿಸುವ ಹಕ್ಕು ವಕೀಲರದು. ಹಕ್ಕಿಲ್ಲದೆ ವಕಾಲತ್ತು ನಡೆಸಿದವರಿಗೆ ಅದೇ ಅಧಿನಿಯಮದ 45ನೇ ಕಲಂ ಆರು ತಿಂಗಳವರೆಗಿನ ಸೆರೆವಾಸ ಹೇಳುತ್ತದೆ. "ನನ್ನ ಕೇಸು ಗೆಲ್ಲುತ್ತದೆಯೇ?" ಎಂದು ಕಕ್ಷಿದಾರರು ನಿಮ್ಮನ್ನು ಕೇಳಿಯೇ ಕೇಳುತ್ತಾರೆ, ಏಕೆಂದರೆ ವಕೀಲರಿಗಿಂತ ನೀವೇ ಅವರ ಕೈಗೆ ಸಿಗುತ್ತೀರಿ. "ಅದನ್ನು ವಕೀಲರು ಹೇಳಬೇಕು, ನಿಮ್ಮ ಪ್ರಶ್ನೆಯನ್ನು ಬರೆದಿಟ್ಟುಕೊಂಡಿದ್ದೇನೆ, ಕೇಳಿ ತಿಳಿಸುತ್ತೇನೆ" ಎನ್ನುವ ಉತ್ತರವನ್ನು ನಾಲಿಗೆಗೆ ರೂಢಿ ಮಾಡಿಸಿಕೊಳ್ಳಿ.

ಒಂದನೇ ಹೆಜ್ಜೆ: ಭಾಷೆ ಮತ್ತು ಬೆರಳಚ್ಚು

ನಮ್ಮ ಜಿಲ್ಲೆಗಳ ನ್ಯಾಯಾಲಯಗಳಲ್ಲಿ ಕನ್ನಡದಲ್ಲಿ ಕೆಲಸ ನಡೆಯುತ್ತದೆ, ಇಂಗ್ಲಿಷಿನಲ್ಲೂ ನಡೆಯುತ್ತದೆ. ಸಾಕ್ಷಿ ನುಡಿಯುವುದು ಕನ್ನಡದಲ್ಲಿ, ಮೇಲಿನ ನ್ಯಾಯಾಲಯದ ತೀರ್ಪು ಬರುವುದು ಇಂಗ್ಲಿಷಿನಲ್ಲಿ. ಎರಡರಲ್ಲೂ ತಪ್ಪಿಲ್ಲದೆ ಟೈಪ್ ಮಾಡಬಲ್ಲವರನ್ನು ಯಾವ ಕಚೇರಿಯೂ ಬಿಟ್ಟುಕೊಡುವುದಿಲ್ಲ. ನುಡಿ ತಂತ್ರಾಂಶದಲ್ಲಿ ಕೈ ಪಳಗಿಸಿ. ಸಾಧ್ಯವಾದರೆ ಕನ್ನಡ ಮತ್ತು ಇಂಗ್ಲಿಷ್ ಬೆರಳಚ್ಚಿನ ಜೂನಿಯರ್, ಸೀನಿಯರ್ ಪರೀಕ್ಷೆ ಬರೆಯಿರಿ. ಜಿಲ್ಲಾ ನ್ಯಾಯಾಲಯಗಳು ಬೆರಳಚ್ಚುಗಾರರು, ಬೆರಳಚ್ಚು ನಕಲುಗಾರರು, ಶೀಘ್ರಲಿಪಿಗಾರರ ಹುದ್ದೆಗೆ ಅರ್ಜಿ ಕರೆದಾಗಲೂ ಈ ಪರೀಕ್ಷೆಗಳು ಕೈ ಹಿಡಿಯುತ್ತವೆ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಮಾತು. ನೀವು ಹಿಂದೆ ಬಿದ್ದಿಲ್ಲ. ಮಳವಳ್ಳಿಯ ರೈತರೊಬ್ಬರು "ಹದ್ದುಬಸ್ತು ಮಾಡಿಸಿಲ್ಲ, ಪೋಡಿ ಆಗಿಲ್ಲ, ದೊಡ್ಡಪ್ಪನ ಹೆಸರಿಗೇ ಪಹಣಿ ಕೂತಿದೆ" ಎಂದಾಗ ಒಂದೇ ಬಾರಿಗೆ ಅರ್ಥ ಮಾಡಿಕೊಳ್ಳುವ ಶಕ್ತಿ ಇಂಗ್ಲಿಷ್ ಪುಸ್ತಕದಿಂದ ಬರುವುದಿಲ್ಲ. (ಹದ್ದುಬಸ್ತು ಎಂದರೆ ಜಮೀನಿನ ಗಡಿ ಅಳೆದು ಗುರುತಿಸುವುದು, ಪೋಡಿ ಎಂದರೆ ಸರ್ವೆ ನಂಬರನ್ನು ಪಾಲಿನಂತೆ ಬೇರೆ ಮಾಡುವುದು, ಪಹಣಿ ಎಂದರೆ ಜಮೀನು ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಕಂದಾಯ ದಾಖಲೆ.) ರಾಜ್ಯದ ಅಧಿನಿಯಮಗಳ ಕನ್ನಡ ಪಠ್ಯ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ದಿನಕ್ಕೆ ಎರಡು ಕಲಂ ಓದಿ, ಪಕ್ಕದಲ್ಲಿ ಇಂಗ್ಲಿಷ್ ಪಠ್ಯವನ್ನೂ ಇಟ್ಟುಕೊಳ್ಳಿ. ವಾದಪತ್ರ, ಲಿಖಿತ ಹೇಳಿಕೆ, ಪ್ರಮಾಣಪತ್ರ (ಅಫಿಡವಿಟ್), ತಡೆಯಾಜ್ಞೆ, ಪಾಟಿಸವಾಲು ಮುಂತಾದ ಮಾತುಗಳು ಹೀಗೆಯೇ ಎರಡು ಭಾಷೆಯಲ್ಲೂ ವಶವಾಗುತ್ತವೆ.

ಎರಡನೇ ಹೆಜ್ಜೆ: ನಿಮ್ಮದೇ ಜಮೀನಿನ ಕಾಗದ ಓದಿ

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪಾಠ ಇಲ್ಲ, ಖರ್ಚೂ ಇಲ್ಲ. ಮಂಡ್ಯದ ಸಿವಿಲ್ ನ್ಯಾಯಾಲಯದಲ್ಲಿ ಕುಳಿತರೆ ಮತ್ತೆ ಮತ್ತೆ ಕಿವಿಗೆ ಬೀಳುವುದು ಪಾಲುವಿಭಾಗದ ದಾವೆ, ಒತ್ತುವರಿ, ದಾರಿಯ ಜಗಳ. ಹಾಗಾಗಿ ಮನೆಯ ಒಂದು ಸರ್ವೆ ನಂಬರು ಆರಿಸಿಕೊಳ್ಳಿ. ಜಮೀನಿಲ್ಲದವರು ಅಜ್ಜಿಯ ಊರಿನ ನೆಂಟರನ್ನು ಕೇಳಿ.

ಪಹಣಿಯಿಂದ ಶುರುಮಾಡಿ. 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, 10ರಲ್ಲಿ ಆ ಹೆಸರು ಹೇಗೆ ಬಂತು ಎಂಬುದು, 11ರಲ್ಲಿ ಬ್ಯಾಂಕ್ ಸಾಲದಂಥ ಋಣಗಳು ಮತ್ತು ಇತರ ಹಕ್ಕುಗಳು, 12ರಲ್ಲಿ ಸಾಗುವಳಿ ವಿವರ ಇರುತ್ತದೆ. 10ನೇ ಕಾಲಂನ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ಸಂಖ್ಯೆಯನ್ನು ಹಿಡಿದು ಮ್ಯುಟೇಷನ್, ಅಂದರೆ ಪಹಣಿಯ ಹೆಸರು ಬದಲಾವಣೆಯ ನಕಲು ತೆಗೆಸಿ. ಅದರಲ್ಲಿ ಕ್ರಯವೋ, ವಿಭಾಗವೋ, ಪೌತಿಯೋ (ಸತ್ತವರ ಹೆಸರಿನಿಂದ ವಾರಸುದಾರರಿಗೆ ಬಂದದ್ದು) ಎಂದು ಕಾರಣ ಬರೆದಿರುತ್ತದೆ. ಕ್ರಯವಾದರೆ ನೋಂದಣಿಯಾದ ಪತ್ರ ಹುಡುಕಿ. ಉಪ ನೋಂದಣಾಧಿಕಾರಿ ಕಚೇರಿಯಿಂದ ಅಥವಾ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದ ಮೂಲಕ ಇ.ಸಿ. (ಋಣಭಾರ ಪ್ರಮಾಣಪತ್ರ) ಪಡೆದು, ಪತ್ರಕ್ಕೂ ಇ.ಸಿ.ಗೂ ಹೊಂದಿಕೆಯಾಗುತ್ತದೆಯೇ ನೋಡಿ. ಕೊನೆಗೆ ಸರ್ವೆ ದಾಖಲೆ: ಟಿಪ್ಪಣಿ (ಅಳತೆಯ ಮೂಲ ಚಿತ್ರ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ), ನಕ್ಷೆ.

ಈಗ ಒಂದು ಹಾಳೆಯಲ್ಲಿ ಎಡಗಡೆ ವರ್ಷ, ನಡುವೆ ಏನಾಯಿತು, ಬಲಗಡೆ ಯಾವ ದಾಖಲೆ ಎಂದು ಬರೆಯುತ್ತಾ ಹೋಗಿ. ಎಲ್ಲಿ ಕೊಂಡಿ ತಪ್ಪಿದೆಯೋ ಅಲ್ಲಿ ಕೆಂಪು ಶಾಯಿಯ ಗುರುತು ಹಾಕಿ. ಹಿರಿಯ ವಕೀಲರು ಎದುರು ಪಕ್ಷದವರ ಕಟ್ಟು ಕೈಗೆ ಬಂದ ಕೂಡಲೇ ಮಾಡುವುದು ಇದನ್ನೇ. ಬ್ಯಾಂಕುಗಳು ಸಾಲ ಕೊಡುವ ಮುಂಚೆ ಬರೆಸುವ ಕಾನೂನು ಪರಿಶೀಲನಾ ವರದಿಯ ಮೂಲವೂ ಇದೇ.

ಮ್ಯುಟೇಷನ್ ಆದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ, ಅದು ಕಂದಾಯದ ಸಲುವಾಗಿ ಇರುವ ದಾಖಲೆ. ಊರಿನಲ್ಲಿ ನೂರಕ್ಕೆ ತೊಂಬತ್ತು ಮಂದಿ "ಪಹಣಿ ನನ್ನ ಹೆಸರಿಗಿದೆ, ಜಮೀನು ನನ್ನದೇ" ಎನ್ನುತ್ತಾರೆ. ನೀವು ಹಾಗೆ ನಂಬಬಾರದು.

ದಿನಾಂಕ ಎಷ್ಟು ಮುಖ್ಯ ಎನ್ನುವುದು ಹೆಣ್ಣುಮಕ್ಕಳ ಪಾಲಿನ ದಾವೆಯಲ್ಲಿ ಚೆನ್ನಾಗಿ ಕಾಣುತ್ತದೆ. ಹಿಂದೂ ಉತ್ತರಾಧಿಕಾರ ಅಧಿನಿಯಮದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದು, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿ ಪತ್ರದ ಮೂಲಕವೋ ನ್ಯಾಯಾಲಯದ ಡಿಕ್ರಿಯ (ತೀರ್ಪಿನ ಆದೇಶದ) ಮೂಲಕವೋ ವಿಭಾಗವಾಗಿದ್ದರೆ ಅದಕ್ಕೆ ರಕ್ಷಣೆ ಇದೆ. ಅಣ್ಣಂದಿರು ಹಳೆಯ ಪಾರೀಖತ್ತು (ವಿಭಾಗ ಪತ್ರ) ತಂದು ತೋರಿಸಿದಾಗ ನೀವು ಮೊದಲು ನೋಡಬೇಕಾದದ್ದು ಎರಡು: ಅದರ ತಾರೀಖು, ಅದರ ಬೆನ್ನ ಮೇಲೆ ನೋಂದಣಿಯ ಮೊಹರು ಇದೆಯೇ ಎಂಬುದು. ಒಬ್ಬ ಹೆಣ್ಣುಮಗಳ ಬದುಕು ಆ ಮೊಹರಿನ ಮೇಲೆ ನಿಂತಿರಬಹುದು.

ಮೂರನೇ ಹೆಜ್ಜೆ: ವಾಯಿದೆಯ ಪುಸ್ತಕ

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಆಲೆಮನೆ ನಡೆಸುವವರೊಬ್ಬರು ಬಂದರು. ಬೆಲ್ಲ ಕೊಂಡ ವ್ಯಾಪಾರಿ ಕೊಟ್ಟ ಚೆಕ್ ಹಣವಿಲ್ಲದೆ ವಾಪಸಾಗಿತ್ತು. ಕ್ರಿಮಿನಲ್ ದೂರು ಹಾಕಬೇಕಾದರೆ ಚೆಕ್ ಅಮಾನ್ಯವಾದ ಮಾಹಿತಿ ಬ್ಯಾಂಕಿನಿಂದ ಸಿಕ್ಕ 30 ದಿನದೊಳಗೆ ನೋಟಿಸ್ ಕೊಡಬೇಕು ಎಂದು ನನಗೆ ಗೊತ್ತಿತ್ತು. ಆದರೆ ಕಾಗದ ಕಚೇರಿಗೆ ಬಂದ ದಿನದಿಂದ ಎಣಿಸಿದೆ, ಅವರ ಕೈಗೆ ಬ್ಯಾಂಕಿನ ಮೆಮೊ ಸೇರಿದ ದಿನದಿಂದ ಎಣಿಸಲಿಲ್ಲ. ಗಡುವು ಮೀರಿತು. ಅಷ್ಟರಲ್ಲಿ ಚೆಕ್ಕಿನ ಮೂರು ತಿಂಗಳ ಅವಧಿಯೂ ಮುಗಿದು, ಅದನ್ನು ಮತ್ತೆ ಬ್ಯಾಂಕಿಗೆ ಹಾಕುವ ದಾರಿಯೂ ಮುಚ್ಚಿತ್ತು. ಉಳಿದದ್ದು ಮೂರು ವರ್ಷದೊಳಗೆ ಹೂಡಬಹುದಾದ ಹಣ ವಸೂಲಿ ದಾವೆ ಮಾತ್ರ. ಅವರು ನನ್ನನ್ನು ಬೈಯಲಿಲ್ಲ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದರು. ಅವರ ಬೆನ್ನು ಇಂದಿಗೂ ಕಣ್ಣ ಮುಂದಿದೆ.

ಅಂದಿನಿಂದ ಪ್ರತಿ ಗಡುವನ್ನೂ ಒಂದು ಪುಸ್ತಕದಲ್ಲಿ, ನಿಜವಾದ ಕೊನೆಯ ದಿನಕ್ಕಿಂತ ಮುಂಚಿನ ತಾರೀಖು ಹಾಕಿ ಬರೆಯುತ್ತೇನೆ. ನನ್ನ ಲೆಕ್ಕ ಹೀಗೆ. ಜೂನ್ 5ರಂದು ಮೆಮೊ ಸಿಕ್ಕಿದರೆ ನೋಟಿಸಿಗೆ ಕೊನೆಯ ದಿನ ಜುಲೈ 5. ಪುಸ್ತಕದಲ್ಲಿ ಬರೆಯುವುದು ಜೂನ್ 20. ಜುಲೈ 1ರಂದು ನೋಟಿಸ್ ತಲುಪಿದರೆ, ಹಣ ಕೊಡಲು ಎದುರಿನವರಿಗೆ ಇರುವ 15 ದಿನ ಜುಲೈ 16ಕ್ಕೆ ಮುಗಿಯುತ್ತದೆ. ಅಲ್ಲಿಂದ ಒಂದು ತಿಂಗಳೊಳಗೆ ದೂರು ದಾಖಲಾಗಬೇಕು, ಅಂದರೆ ಆಗಸ್ಟ್ ಮಧ್ಯದವರೆಗೆ. ನಾನು ಬರೆಯುವುದು ಜುಲೈ 31. ಕಾನೂನು ಕೊಟ್ಟ ದಿನ ಬೇರೆ, ಪುಸ್ತಕದ ದಿನ ಬೇರೆ. ಅಂಚೆ ತಡವಾಗುತ್ತದೆ, ಸರಣಿ ರಜೆ ಬರುತ್ತದೆ, ಕಕ್ಷಿದಾರರ ಮನೆಯಲ್ಲಿ ಸಾವಾಗುತ್ತದೆ.

ಇಂಥ ಇನ್ನಷ್ಟು ದಿನಗಳನ್ನು ಮೊದಲ ತಿಂಗಳಲ್ಲೇ ಮನನ ಮಾಡಿ. ಸಿವಿಲ್ ದಾವೆಯಲ್ಲಿ ಸಮನ್ಸ್ ತಲುಪಿದ 30 ದಿನದೊಳಗೆ ಲಿಖಿತ ಹೇಳಿಕೆ (ಪ್ರತಿವಾದಿಯ ಉತ್ತರ) ಸಲ್ಲಿಸಬೇಕು, ನ್ಯಾಯಾಲಯ ಕಾರಣ ಬರೆದು 90 ದಿನದವರೆಗೆ ವಿಸ್ತರಿಸಬಹುದು. ಡಿಕ್ರಿಯ ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿಗೆ 30 ದಿನ, ಹೈಕೋರ್ಟಿಗೆ 90 ದಿನ. ಪ್ರಮಾಣೀಕೃತ ನಕಲು ಸಿಗಲು ಹಿಡಿದ ಸಮಯ ಈ ಲೆಕ್ಕಕ್ಕೆ ಸೇರುವುದಿಲ್ಲ, ಆದ್ದರಿಂದ ತೀರ್ಪು ಬಂದ ದಿನವೇ ನಕಲು ಅರ್ಜಿ ಹಾಕಿ, ರಸೀದಿಯನ್ನು ಕಡತಕ್ಕೆ ಸೇರಿಸಿ. ಬೆಂಗಳೂರು–ಮೈಸೂರು ಹೆದ್ದಾರಿಯ ಅಪಘಾತಗಳ ಪರಿಹಾರ ಅರ್ಜಿಗಳು ನಮ್ಮ ಕಡೆ ಬರುತ್ತಲೇ ಇರುತ್ತವೆ. ಮೋಟಾರು ವಾಹನ ಕಾಯ್ದೆಗೆ 2022ರ ಏಪ್ರಿಲ್ 1ರಿಂದ ಅಂಥ ಅರ್ಜಿಗೆ ಆರು ತಿಂಗಳ ಮಿತಿ ಸೇರಿದೆ. ಗಾಯಾಳುವಿನ ಮನೆಯವರು ಆಸ್ಪತ್ರೆ ಓಡಾಟದಲ್ಲಿ ಇದನ್ನು ಮರೆತಿರುತ್ತಾರೆ. ನೀವು ಮರೆಯಬಾರದು.

ಪುಸ್ತಕ ಎಂದರೆ ಪುಸ್ತಕವೇ ಆಗಬೇಕು. ಮೊಬೈಲಿನಲ್ಲೂ ಹಾಕಿ, ಆದರೆ ಕಾಗದದ ಡೈರಿ ಬಿಡಬೇಡಿ.

ನಾಲ್ಕನೇ ಹೆಜ್ಜೆ: ನ್ಯಾಯಾಲಯದಲ್ಲಿ ಕುಳಿತು ನೋಡಿ

ವಿಚಾರಣೆ ಸಾಮಾನ್ಯವಾಗಿ ಮುಕ್ತ ನ್ಯಾಯಾಲಯದಲ್ಲಿ ನಡೆಯುತ್ತದೆ. ಮೈಸೂರಿನ ಕೃಷ್ಣರಾಜ ಬುಲೇವಾರ್ಡ್‌ನ ಸಂಕೀರ್ಣಕ್ಕೋ ಮಂಡ್ಯದ ಜಿಲ್ಲಾ ನ್ಯಾಯಾಲಯಕ್ಕೋ ಬೆಳಿಗ್ಗೆ ಹೋಗಿ, ಮೊಬೈಲ್ ಸದ್ದಡಗಿಸಿ, ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ಕೌಟುಂಬಿಕ ಮತ್ತು ಮಕ್ಕಳಿಗೆ ಸಂಬಂಧಿಸಿದ ಪ್ರಕರಣಗಳಲ್ಲಿ ಹೊರಗಿನವರಿಗೆ ಪ್ರವೇಶ ಇರುವುದಿಲ್ಲ, ಅದನ್ನು ಗೌರವಿಸಿ.

ಹೋಗುವ ಮುಂಚೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಆ ದಿನದ ಪ್ರಕರಣಗಳ ಪಟ್ಟಿ ನೋಡಿ. ಪ್ರತಿ ಕೇಸಿಗೂ 16 ಅಕ್ಷರಾಂಕಗಳ ಸಿ.ಎನ್.ಆರ್. ಎಂಬ ಗುರುತಿನ ಸಂಖ್ಯೆ ಇದೆ. ಓ.ಎಸ್. ಎಂದರೆ ಮೂಲ ದಾವೆ, ಆರ್.ಎ. ಎಂದರೆ ಸಿವಿಲ್ ಮೇಲ್ಮನವಿ, ಎಂ.ವಿ.ಸಿ. ಎಂದರೆ ವಾಹನ ಅಪಘಾತ ಪರಿಹಾರ, ಸಿ.ಸಿ. ಎಂದರೆ ಕ್ರಿಮಿನಲ್ ಪ್ರಕರಣ. ಒಂದೇ ದಾವೆಯನ್ನು ಆರಿಸಿ ಆರು ತಿಂಗಳು ಹಿಂಬಾಲಿಸಿ. ಬೆಂಚ್ ಕ್ಲರ್ಕ್ ಏನು ಮಾಡುತ್ತಾರೆ, ಶಿರಸ್ತೇದಾರರ ಬಳಿ ಯಾವ ಕೆಲಸ, ಅಮೀನರು ಸಮನ್ಸ್ ಹೇಗೆ ಜಾರಿ ಮಾಡುತ್ತಾರೆ, ಕಚೇರಿ ಆಕ್ಷೇಪಣೆ ಏಕೆ ಬರುತ್ತದೆ ಎಂಬುದೆಲ್ಲ ನೋಡಿ ಕಲಿಯುವ ಸಂಗತಿಗಳು.

ಕ್ರಿಮಿನಲ್ ಕಡೆ ಈಗ ಹಳೆಯ ಕಾನೂನು, ಹೊಸ ಕಾನೂನು ಎರಡನ್ನೂ ಒಟ್ಟಿಗೆ ತಿಳಿದಿರಬೇಕು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಅದಕ್ಕೂ ಹಿಂದಿನ ಅಪರಾಧಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯ. ವಂಚನೆಯ 420ನೇ ಕಲಂ ಈಗ ನ್ಯಾಯ ಸಂಹಿತೆಯ 318, ಕೊಲೆಯ 302 ಈಗ 103, ಜೀವನಾಂಶದ 125 ಈಗ ಸುರಕ್ಷಾ ಸಂಹಿತೆಯ 144. ಹಳೆಯದು, ಹೊಸದು ಎಂದು ಎರಡು ಸಾಲಿನ ಪಟ್ಟಿಯನ್ನು ಸ್ವಂತ ಕೈಯಿಂದ ಬರೆದು ಮೇಜಿನ ಗಾಜಿನ ಕೆಳಗಿಡಿ.

ಐದನೇ ಹೆಜ್ಜೆ: ಅರೆ ಕಾನೂನು ಸ್ವಯಂಸೇವಕರಾಗಿ

1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅದರ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಮೊದಲಾದವರಿಗೆ ಉಚಿತ ವಕೀಲರು ಸಿಗುತ್ತಾರೆ. ಮಹಿಳೆಯಾದರೆ ಆದಾಯ ಎಷ್ಟೇ ಇರಲಿ, ಈ ಹಕ್ಕು ಇದೆ. ನಾಗಮಂಗಲದ, ಎಚ್.ಡಿ.ಕೋಟೆಯ ಎಷ್ಟು ತಾಯಂದಿರಿಗೆ ಇದು ಗೊತ್ತಿದೆ? ಗೊತ್ತುಮಾಡುವುದೇ ಸ್ವಯಂಸೇವಕರ ಕೆಲಸ. ಇದಕ್ಕಾಗಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2009ರಲ್ಲಿ ಯೋಜನೆ ರೂಪಿಸಿತು.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, ಪ್ರಧಾನ ಜಿಲ್ಲಾ ನ್ಯಾಯಾಧೀಶರು ಅದರ ಅಧ್ಯಕ್ಷರು. ತಾಲ್ಲೂಕಿಗೆ ತಾಲ್ಲೂಕು ಸಮಿತಿ ಇದೆ. ಅರ್ಜಿ ಕರೆದಾಗ ಹಾಕಿ. ಎಸ್.ಎಸ್.ಎಲ್.ಸಿ. ಆಗಿದ್ದರೆ ಒಳ್ಳೆಯದು, ಪದವಿ ಬೇಕಿಲ್ಲ. ಕಾನೂನು ವಿದ್ಯಾರ್ಥಿಗಳು ವಕೀಲರಾಗಿ ನೋಂದಾಯಿಸಿಕೊಳ್ಳುವವರೆಗೆ ಇದರಲ್ಲಿ ಇರಬಹುದು. ಆಯ್ಕೆಯಾದವರಿಗೆ ತರಬೇತಿ, ಗುರುತಿನ ಚೀಟಿ, ಕೆಲಸ ಮಾಡಿದ ದಿನಕ್ಕೆ ಗೌರವಧನ ಸಿಗುತ್ತದೆ. ಸಂಬಳವೆಂದು ನಂಬಿ ಬರಬೇಡಿ, ಇದರಿಂದ ಮನೆ ನಡೆಯುವುದಿಲ್ಲ.

ಆದರೆ ಇಲ್ಲಿ ಸಿಗುವ ಅನುಭವ ಬೇರೆಲ್ಲೂ ಸಿಗದು. ಕಾರಾಗೃಹದಲ್ಲಿ ವಕೀಲರಿಲ್ಲದೆ ಕುಳಿತವರ ಅರ್ಜಿ ಬರೆಯುತ್ತೀರಿ, ಲೋಕ ಅದಾಲತ್ತಿನಲ್ಲಿ ಅಣ್ಣ ತಮ್ಮಂದಿರು ರಾಜಿಯಾಗುವುದನ್ನು ನೋಡುತ್ತೀರಿ. ಅಲ್ಲಿ ರಾಜಿಯಾದದ್ದು ಸಿವಿಲ್ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ, ಕಟ್ಟಿದ ನ್ಯಾಯಾಲಯ ಶುಲ್ಕ ವಾಪಸಾಗುತ್ತದೆ. 15100 ಎಂಬ ಕಾನೂನು ನೆರವಿನ ಸಹಾಯವಾಣಿ ಸಂಖ್ಯೆಯನ್ನು ನಿಮ್ಮ ಊರಿನ ಹಾಲಿನ ಡೇರಿಯ ಗೋಡೆಯ ಮೇಲೆ ಬರೆಸಿ. ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ.

ಆರನೇ ಹೆಜ್ಜೆ: ಕಚೇರಿ ಸೇರುವಾಗ

ಮೈಸೂರಿನಲ್ಲಾಗಲಿ ಮಂಡ್ಯದಲ್ಲಾಗಲಿ ವಕೀಲರ ಕಚೇರಿಗಳು ಜಾಹೀರಾತು ಕೊಟ್ಟು ಜನರನ್ನು ತೆಗೆದುಕೊಳ್ಳುವುದು ಅಪರೂಪ. ಒಂದು ಪುಟದ ಪರಿಚಯ ಪತ್ರ ಹಿಡಿದು ಸಂಜೆ ಆರರ ಹೊತ್ತಿಗೆ, ಕಕ್ಷಿದಾರರ ಗದ್ದಲ ಕಡಿಮೆಯಾದ ಮೇಲೆ ಹೋಗಿ. ನೀವು ಮಾಡಿದ ಆ ಜಮೀನಿನ ದಾಖಲೆ ಪಟ್ಟಿಯನ್ನು ಜೊತೆಗೆ ಒಯ್ಯಿರಿ, ಮನೆಯವರ ಹೆಸರು ಮುಚ್ಚಿ. ಯಾವ ಸರ್ಟಿಫಿಕೇಟೂ ಮಾಡದ ಕೆಲಸವನ್ನು ಆ ಒಂದು ಹಾಳೆ ಮಾಡುತ್ತದೆ.

ಸಂಬಳದ ಮಾತನ್ನು ಮೊದಲ ದಿನವೇ ಆಡಿ. "ಕಲಿಯುತ್ತಿದ್ದೀಯಲ್ಲ" ಎಂಬ ಒಂದೇ ಮಾತಿನ ಮೇಲೆ ವರ್ಷಗಟ್ಟಲೆ ಬಸ್ ಖರ್ಚೂ ಕೊಡದೆ ದುಡಿಸಿಕೊಳ್ಳುವ ಕಚೇರಿಗಳನ್ನು ಕಂಡಿದ್ದೇನೆ, ಅಂಥ ಒಂದರಲ್ಲಿ ಎಂಟು ತಿಂಗಳು ಇದ್ದೆ ಕೂಡ. ಹಳ್ಳಿಯಿಂದ ದಿನಾ ಬಂದು ಹೋಗುವ ಹೆಣ್ಣುಮಕ್ಕಳು ಸಂಜೆ ಎಷ್ಟು ಹೊತ್ತಿಗೆ ಬಿಡುತ್ತೀರಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಖಾಲಿ ಕಾಗದದ ಮೇಲೆ ಕಕ್ಷಿದಾರರ ಸಹಿ ಹಾಕಿಸಿಕೊಂಡು ಬಾ ಎಂದು ಯಾರು ಹೇಳಿದರೂ ಮಾಡಬೇಡಿ. ಕಚೇರಿಯಲ್ಲಿ ಕೇಳಿದ ಮನೆಜಗಳ ನಿಮ್ಮ ಮನೆಯ ಊಟದ ಹೊತ್ತಿನ ಮಾತಾಗಬಾರದು. ಮಂಡ್ಯ ದೊಡ್ಡ ಊರಲ್ಲ, ಎಲ್ಲರೂ ಎಲ್ಲರಿಗೂ ನೆಂಟರು.

ಏಳನೇ ಹೆಜ್ಜೆ: ಎಲ್ಎಲ್.ಬಿ.

ಎರಡು ವರ್ಷ ಕೆಲಸ ಮಾಡಿದ ಮೇಲೂ ಈ ದಾರಿ ಇಷ್ಟವಾದರೆ ಕಾನೂನು ಓದಿ. ಪದವಿ ಆದವರಿಗೆ ಮೂರು ವರ್ಷ, ಪಿಯುಸಿ ಆದವರಿಗೆ ಐದು ವರ್ಷ. ಕನಿಷ್ಠ ಅಂಕ ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ ಶೇ 42, ಪರಿಶಿಷ್ಟರಿಗೆ ಶೇ 40. ಮೈಸೂರಿನಲ್ಲಿ ಜೆ.ಎಸ್.ಎಸ್., ವಿದ್ಯಾವರ್ಧಕ, ಶಾರದಾವಿಲಾಸ ಕಾನೂನು ಕಾಲೇಜುಗಳಿವೆ, ಮಂಡ್ಯದಲ್ಲಿ ಪಿ.ಇ.ಎಸ್. ಕಾನೂನು ಕಾಲೇಜು ಇದೆ.

ವಕೀಲರಾಗುವ ಉದ್ದೇಶವಿದ್ದರೆ ದೂರಶಿಕ್ಷಣದ ಕಾನೂನು ಪದವಿ ನಡೆಯುವುದಿಲ್ಲ. ಪ್ರತಿ ವಿಷಯದಲ್ಲೂ ಶೇ 70 ಹಾಜರಾತಿ ಬೇಕು. ಮುಕ್ತ ವಿಶ್ವವಿದ್ಯಾಲಯದಿಂದ ಪದವಿ ಪಡೆದವರು ಒಂದು ವಿಷಯ ಗಮನಿಸಿ: ಎಸ್.ಎಸ್.ಎಲ್.ಸಿ., ಪಿಯುಸಿಗಳನ್ನು ಕ್ರಮವಾಗಿ ಮುಗಿಸದೆ ನೇರವಾಗಿ ಪದವಿ ಪಡೆದಿದ್ದರೆ ಕಾನೂನು ಪದವಿಗೆ ಅರ್ಹತೆ ಸಿಗುವುದಿಲ್ಲ. ಶುಲ್ಕ ಕಟ್ಟಿದ ಮೇಲೆ ಇದು ತಿಳಿದು ಅತ್ತವರಿದ್ದಾರೆ. ಮೂರು ವರ್ಷದ ಕೋರ್ಸಿಗೆ 12 ವಾರ, ಐದು ವರ್ಷದ್ದಕ್ಕೆ 20 ವಾರಗಳ ಇಂಟರ್ನ್‌ಶಿಪ್ ಕಡ್ಡಾಯ. ಅಲ್ಲಿ ನಿಮ್ಮ ಹಳೆಯ ಕಚೇರಿ ಅನುಭವ ನಿಮ್ಮನ್ನು ಸಹಪಾಠಿಗಳಿಗಿಂತ ಬಹಳ ಮುಂದೆ ನಿಲ್ಲಿಸುತ್ತದೆ.

ಪದವಿಯ ನಂತರ

ರಾಜ್ಯ ವಕೀಲರ ಪರಿಷತ್ತಿನಲ್ಲಿ (ಬಾರ್ ಕೌನ್ಸಿಲ್) ನೋಂದಣಿ ಮಾಡಿಸಿ. ವಕೀಲರ ಅಧಿನಿಯಮದಲ್ಲಿ ಬರೆದಿರುವ ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ. ಅದಕ್ಕಿಂತ ಹೆಚ್ಚು ನೋಂದಣಿ ಶುಲ್ಕ ವಸೂಲು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ತೀರ್ಪು ಕೊಟ್ಟಿದೆ. ಬಡವರ ಮಕ್ಕಳಿಗೆ ಇದು ದೊಡ್ಡ ಆಸರೆ. ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ. ಕನ್ನಡದಲ್ಲೂ ಬರೆಯಬಹುದು, ಟಿಪ್ಪಣಿಗಳಿಲ್ಲದ ಮೂಲ ಅಧಿನಿಯಮಗಳನ್ನು ಜೊತೆಗಿಟ್ಟುಕೊಳ್ಳಬಹುದು.

ಪರಿಶಿಷ್ಟ, ಹಿಂದುಳಿದ, ಅಲ್ಪಸಂಖ್ಯಾತ ಸಮುದಾಯಗಳ ಕಾನೂನು ಪದವೀಧರರಿಗೆ ತರಬೇತಿ ಅವಧಿಯಲ್ಲಿ ಶಿಷ್ಯವೇತನ ಕೊಡುವ ಯೋಜನೆಗಳು ಆಯಾ ಇಲಾಖೆಯಲ್ಲಿವೆ. ನೋಂದಣಿಯಾದ ವಾರವೇ ಜಿಲ್ಲಾ ಕಚೇರಿಗೆ ಹೋಗಿ ವಿಚಾರಿಸಿ. ನ್ಯಾಯಾಧೀಶರಾಗುವ ಕನಸಿದ್ದವರು ಕೇಳಿ: ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷ ವಕೀಲಿಕೆ ಬೇಕೇ ಬೇಕು ಎಂದು 2025ರ ಮೇ 20ರಂದು ಸುಪ್ರೀಂ ಕೋರ್ಟ್ ಹೇಳಿದೆ. ತಾತ್ಕಾಲಿಕ ನೋಂದಣಿಯ (ವಕೀಲರ ಪರೀಕ್ಷೆ ಪಾಸಾಗುವ ಮುಂಚಿನ ನೋಂದಣಿ) ದಿನದಿಂದಲೇ ಆ ಅವಧಿ ಎಣಿಕೆಯಾಗುತ್ತದೆ, ಹಾಗಾಗಿ ನೋಂದಣಿಯನ್ನು ತಿಂಗಳುಗಟ್ಟಲೆ ಮುಂದೂಡಬೇಡಿ. ಪಾಂಡವಪುರ ಸೀಮೆಯ ಇ.ಎಸ್. ವೆಂಕಟರಾಮಯ್ಯನವರು 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದರು, ಅವರ ಮಗಳು ಬಿ.ವಿ. ನಾಗರತ್ನ ಅವರೂ ಸುಪ್ರೀಂ ಕೋರ್ಟಿನ ಪೀಠ ಏರಿದರು. ನಮ್ಮ ಮಣ್ಣಿನಿಂದ ಅಲ್ಲಿಯವರೆಗೆ ದಾರಿ ಇದೆ ಎಂಬುದು ನಮ್ಮ ಹುಡುಗಿಯರಿಗೆ ಗೊತ್ತಿರಲಿ.

ಮದ್ದೂರಿನ ಹುಡುಗಿ ಮೊನ್ನೆ ಭಾನುವಾರ ಬಂದಿದ್ದಳು. ತಾತನ ಕಾಲದ ಒಂದು ಎಕರೆ ಹನ್ನೆರಡು ಗುಂಟೆಯ ಪಹಣಿ, ಎರಡು ಮ್ಯುಟೇಷನ್ ನಕಲು, ಒಂದು ಇ.ಸಿ. ತಂದಿದ್ದಳು. ಅವಳು ಬರೆದ ಪಟ್ಟಿಯಲ್ಲಿ ಒಂದು ಕಡೆ ಕೆಂಪು ಗುರುತು ಇತ್ತು: ಅಜ್ಜಿಯ ಹೆಸರು ಎರಡನೇ ಮ್ಯುಟೇಷನ್‌ನಲ್ಲಿ ಬಿಟ್ಟುಹೋಗಿದೆ. ಸೋಮವಾರದಿಂದ ಬರಲು ಹೇಳಿದ್ದೇನೆ.